ನಾಲ್ಕು ದಿನಕ್ಕೆ ಐದು ದ್ವೀಪ

ನವೆಂಬರ್ ಬಂತೆಂದರೆ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಒಂದು ಪೋಸ್ಟರ್ ಬಂದು ಬೀಳುತ್ತದೆ. ನೀಲಿ ನೀರು, ಬಿಳಿ ಮರಳು, ಮೇಲೆ ದಪ್ಪಕ್ಷರದಲ್ಲಿ 'ಅಂಡಮಾನ್! ನಾಲ್ಕು ದಿನ, ಐದು ದ್ವೀಪ, ನಿಮ್ಮ ಬಜೆಟ್ಟಿನಲ್ಲಿ!' ಯಾರಾದರೂ ಒಬ್ಬರು ನನ್ನ ಟೇಬಲ್ ಹತ್ತಿರ ಬಂದು, "ನೀವು ಹೋಗಿ ಬಂದಿದೀರಲ್ಲ ಸಾರ್, ಇದು ಆಗೋ ಮಾತಾ?" ಅಂತ ಕೇಳುತ್ತಾರೆ. ಆಗಲ್ಲ ಮಾರಾಯ್ರೇ. ಯಾಕೆ ಆಗಲ್ಲ ಅಂತ ಪ್ರತಿ ವರ್ಷ ಬಾಯಲ್ಲಿ ಹೇಳಿ ಸಾಕಾಗಿದೆ, ಈ ಸಲ ಬರೆದೇ ಬಿಡುತ್ತೇನೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಆರೇಳು ವರ್ಷದ ಹಿಂದೆ ನಾನೂ ಇಂಥದ್ದೇ ಪ್ಯಾಕೇಜಿಗೆ ದುಡ್ಡು ಕಟ್ಟಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದವನೇ. ಅಪ್ಪನಿಗೆ ಆಗ ಅರವತ್ತೆಂಟು, ಮಂಡಿನೋವು ಬೇರೆ. ಐದು ದ್ವೀಪ ಯಾವುವು ಅಂತ ಹೋದ ಮೇಲೆ ಗೊತ್ತಾಯಿತು. ವಿಮಾನ ಇಳಿದ ಪೋರ್ಟ್ ಬ್ಲೇರ್ ಇರುವ ದಕ್ಷಿಣ ಅಂಡಮಾನನ್ನೇ ಒಂದು ಅಂತ ಎಣಿಸಿದ್ದರು! ಎರಡನೆಯದು ಎದುರಿಗೇ ಕಾಣುವ ರಾಸ್. ಮೂರನೆಯದು 'ನಾರ್ತ್ ಬೇ ಐಲ್ಯಾಂಡ್'. ಹಳೆಯ ಇಪ್ಪತ್ತು ರೂಪಾಯಿ ನೋಟಿನ ಹಿಂಭಾಗದಲ್ಲಿ ದೀಪಸ್ತಂಭ, ತೆಂಗಿನ ಮರ ಇದ್ದವಲ್ಲ, ಅದೇ ಜಾಗ. ಅದು ದ್ವೀಪವೇ ಅಲ್ಲ, ದಕ್ಷಿಣ ಅಂಡಮಾನಿನದೇ ಒಂದು ಕೊಲ್ಲಿ. ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ ಅಂತ ದ್ವೀಪ ಅನ್ನಿಸಿಕೊಂಡಿದೆ, ಅಷ್ಟೆ. ಉಳಿದದ್ದು ಎರಡು: ಹ್ಯಾವ್ಲಾಕ್ ಮತ್ತು ನೀಲ್. 2018ರಿಂದ ಇವು ಸ್ವರಾಜ್ ದ್ವೀಪ, ಶಹೀದ್ ದ್ವೀಪ. 2024ರಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯಪುರಂ ಆಯಿತು. ಪೋಸ್ಟರಿನವರು ಮಾತ್ರ ಹಳೇ ಹೆಸರು ಬಿಟ್ಟಿಲ್ಲ.

ಹ್ಯಾವ್ಲಾಕಿನ ರಾಧಾನಗರ ಬೀಚಿಗೆ ನಾವು ಮುಟ್ಟಿದಾಗ ಮಧ್ಯಾಹ್ನ ನಾಲ್ಕು ಗಂಟೆ. ಅಂಡಮಾನ್ ನಮಗಿಂತ ಎಷ್ಟೋ ಪೂರ್ವಕ್ಕಿದೆ, ಆದರೆ ಗಡಿಯಾರ ನಮ್ಮದೇ. ಡಿಸೆಂಬರಿನಲ್ಲಿ ಐದು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಇದನ್ನು ಯಾರೂ ಹೇಳಿರಲಿಲ್ಲ. ಅಪ್ಪ ಪಂಚೆ ಎತ್ತಿ ಕಟ್ಟಿ, ಅಮ್ಮನ ಕೈ ಹಿಡಿದು ನೀರಿಗಿಳಿದು ಇನ್ನೂ ಹದಿನೈದು ನಿಮಿಷ ಆಗಿಲ್ಲ, ಡ್ರೈವರ್ ಫೋನು. ಅವನಿಗೆ ಇನ್ನೊಂದು ಪಾರ್ಟಿ ಕಾಯುತ್ತಿತ್ತು. ಕಾಲಿನ ಮರಳು ಕೊಡವಿಕೊಳ್ಳುತ್ತಾ ಅಪ್ಪ ಅಂದದ್ದು ಇಷ್ಟೇ: "ಇಷ್ಟು ದೂರ ಬಂದು ಕಾಲು ತೊಳ್ಕೊಂಡು ಹೋದ ಹಾಗಾಯ್ತಲ್ಲೋ."

ಈಗ ಲೆಕ್ಕಕ್ಕೆ ಬನ್ನಿ. ದ್ವೀಪದಿಂದ ದ್ವೀಪಕ್ಕೆ ಹಾರುವಾಗ ದುಡ್ಡು ಎಲ್ಲಿ ಹೋಗುತ್ತದೆ? ರೂಮಿಗಲ್ಲ, ಊಟಕ್ಕಲ್ಲ, ಹಾರುವುದಕ್ಕೇ. ಹೋಟೆಲಿಂದ ಜೆಟ್ಟಿಗೆ ಗಾಡಿ, ತಲೆಗೊಂದು ಬೋಟ್ ಟಿಕೆಟ್, ಆ ಕಡೆ ಇಳಿದು ಮತ್ತೆ ಗಾಡಿ. ರೂಮಿನ ಕೀಲಿ ಸಿಗುವವರೆಗೆ ಲಗೇಜು ಕಾಯುವುದು, ಮಾರನೇ ದಿನ ಅದನ್ನೇ ಕಟ್ಟಿಕೊಂಡು ಹೊರಡುವುದು. ಒಂದು ದಾಟಿಗೆ ಅರ್ಧ ದಿನ ಖಲಾಸ್. ಮೂಗಿಗಿಂತ ಮೂಗುತಿ ಭಾರ ಅನ್ನುತ್ತೇವಲ್ಲ, ಇದೇ. ಐದು ದ್ವೀಪವನ್ನು 'ಬಜೆಟ್ಟಿನಲ್ಲಿ' ಕೊಡುವವನು ಇಷ್ಟು ಖರ್ಚನ್ನು ಎಲ್ಲಿಂದ ಉಳಿಸಬೇಕು? ನಿಮ್ಮ ಊಟದಲ್ಲಿ, ರೂಮಿನಲ್ಲಿ, ಕೊನೆಗೆ ನಿಮ್ಮ ಹೊತ್ತಿನಲ್ಲಿ.

ಹಾಗಾದರೆ ಅಗ್ಗ ಅಂದರೆ ಏನು? ದ್ವೀಪ ಕಮ್ಮಿ ಮಾಡಿ, ದಿನ ಹೆಚ್ಚು ಮಾಡಿ. ನನ್ನ ವಾದ ಇಷ್ಟೇ.

ಹೋದ ವರ್ಷ ಮತ್ತೆ ಹೋದೆ. ಅಪ್ಪ ಇರಲಿಲ್ಲ. ಅಮ್ಮ, ನಾನು. ಒಂಬತ್ತು ದಿನ, ಎರಡೇ ದ್ವೀಪ. ಪೋರ್ಟ್ ಬ್ಲೇರಿನಿಂದ ಹ್ಯಾವ್ಲಾಕ್, ಅಲ್ಲಿಂದ ನೀಲ್, ನೀಲ್‌ನಿಂದ ವಾಪಸ್. ತ್ರಿಕೋನ, ಮೂರೇ ಟಿಕೆಟ್. ವಿಮಾನದ ಟಿಕೆಟ್ ನಾಲ್ಕು ತಿಂಗಳು ಮುಂಚೆ ತೆಗೆದಿಟ್ಟೆ. ರೂಮಿಗಿಂತ ಮೊದಲು ಬೋಟ್ ಗೊತ್ತು ಮಾಡಿಕೊಂಡೆ. ಕೊನೆಯ ರಾತ್ರಿಯನ್ನು ಪೋರ್ಟ್ ಬ್ಲೇರಿನಲ್ಲೇ ಇಟ್ಟುಕೊಂಡೆ, ಯಾಕೆಂದರೆ ಗಾಳಿ ಎದ್ದರೆ ಬೋಟ್ ರದ್ದು. ಬೋಟ್ ಇಳಿದ ದಿನವೇ ವಿಮಾನ ಹತ್ತುತ್ತೇನೆ ಅನ್ನುವವನು ಜೂಜಾಡುತ್ತಿದ್ದಾನೆ. ಹ್ಯಾವ್ಲಾಕಿನಲ್ಲಿ ಜೆಟ್ಟಿಯಿಂದ ರಾಧಾನಗರಕ್ಕೆ ಬಸ್ಸಿದೆ. ನೀಲ್ ಅಂತೂ ಅಂಗೈಯಷ್ಟು ಊರು. ತರಕಾರಿ ಹೊಲ, ತೆಂಗು, ಬಾಳೆ. ಸೈಕಲ್ ಹತ್ತಿದರೆ ಒಂದು ಬೆಳಗ್ಗೆ ಸಾಕು. ಸೀತಾಪುರದಲ್ಲಿ ಸೂರ್ಯೋದಯ, ಲಕ್ಷ್ಮಣಪುರದಲ್ಲಿ ಸೂರ್ಯಾಸ್ತ, ಎರಡಕ್ಕೂ ಟಿಕೆಟ್ ಇಲ್ಲ. ಮಾರ್ಕೆಟ್ಟಿನಲ್ಲಿ ಬಂಗಾಳಿಗಳ ಮೀನೂಟ. ಒಟ್ಟು ಖರ್ಚು ತಲಾ ಲೆಕ್ಕದಲ್ಲಿ ಹಳೆಯ ಪ್ಯಾಕೇಜನ್ನು ದಾಟಲಿಲ್ಲ. ದಿನ ಮಾತ್ರ ಎರಡರಷ್ಟು.

ಅಗ್ಗದ ಇನ್ನೊಂದು ದಾರಿ ಅಂತ ಎಲ್ಲರೂ ಹೇಳಿಕೊಡುವುದು ಚೌಕಾಸಿ. ಇದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಅಲ್ಲಾರೀ, ಅಲ್ಲಿಯ ಅಕ್ಕಿ, ಸಿಮೆಂಟು, ಡೀಸೆಲ್ಲು ಹಡಗಿನಲ್ಲಿ ಬರಬೇಕು. ಚೆನ್ನೈಯಿಂದ ಪೋರ್ಟ್ ಬ್ಲೇರಿಗೆ ಜನ ಹೋಗುವ ಹಡಗಿಗೇ ಎರಡೂವರೆ ಮೂರು ದಿನ ಬೇಕು. ಅಲ್ಲಿಂದ ಇನ್ನೊಂದು ಬೋಟಿನಲ್ಲಿ ಹ್ಯಾವ್ಲಾಕ್ ಸೇರಿದ ಅಕ್ಕಿಗೆ ಬೆಂಗಳೂರಿನ ರೇಟು ಕೇಳಿದರೆ ಹೇಗೆ? ಮಾಲಿನಲ್ಲಿ ಪಾಪ್‌ಕಾರ್ನಿಗೆ ಹೇಳಿದಷ್ಟು ತೆತ್ತು ಬರುವವರು, ಎಳನೀರಿನವಳ ಹತ್ತಿರ ಹತ್ತು ರೂಪಾಯಿಗೆ ಜಗಳ ಆಡುತ್ತಾರೆ.

ಸರಕಾರಿ ಬೋಟಿನದ್ದೂ ಇದೇ ಕಥೆ. ಖಾಸಗಿ ಹಡಗಿಗಿಂತ ಅಗ್ಗ ನಿಜ, ನಾನೂ ಹತ್ತಿದ್ದೇನೆ. ಆದರೆ ಅದು ಮೊದಲು ದ್ವೀಪದವರ ಬಸ್ಸು. ಆಸ್ಪತ್ರೆಗೆ, ಕಾಲೇಜಿಗೆ, ಕಚೇರಿಗೆ ಅವರು ಹೋಗುವುದು ಅದರಲ್ಲೇ. ಅವರಿಗೆ ಆದ್ಯತೆ, ಅವರಿಗೆ ಕಡಿಮೆ ದರ. ಸೀಟು ಉಳಿದರೆ ನಮಗೆ. "ನಾವೂ ಟ್ಯಾಕ್ಸ್ ಕಟ್ತೀವಿ" ಅಂತ ಕೌಂಟರಿನಲ್ಲಿ ಕೂಗಾಡುವವರು ಒಂದು ದಿನ ತಡವಾಗಿ ಹೊರಟರೆ ಏನೂ ಮುಳುಗಿಹೋಗುವುದಿಲ್ಲ. ಆದರೆ ಅವರಿಗೆ ಆ ಒಂದು ದಿನವೇ ಇಲ್ಲ! ನಾಲ್ಕು ದಿನಕ್ಕೆ ಐದು ದ್ವೀಪ ನೋಡಬೇಕಲ್ಲ.

"ರಜೆ ಎಲ್ಲಿದೆ ಸಾರ್?" ನಿಜವಾದ ಪ್ರಶ್ನೆ, ಹಾರಿಸುವುದಿಲ್ಲ. ದಿನಗೂಲಿಯವರಿಗೆ, ಅಂಗಡಿ ಇಟ್ಟವರಿಗೆ ಒಂಬತ್ತು ದಿನ ಹೊಂದಿಸುವುದು ಸುಲಭ ಅಲ್ಲ. ನಾಲ್ಕೇ ದಿನ ಇದೆಯಾ? ಒಂದೇ ದ್ವೀಪಕ್ಕೆ ಹೋಗಿ. ನೀಲ್ ಒಂದೇ ಸಾಕು.

"ಮತ್ತೆ ಬರ್ತೀವಾ? ಒಂದೇ ಸಲ ಎಲ್ಲಾ ನೋಡಿಬಿಡೋಣ" ಅನ್ನುವವರಿಗೆ ಮಾತ್ರ ನನ್ನ ಹತ್ತಿರ ಬೇರೆ ಉತ್ತರ ಇದೆ. ಅಪ್ಪ ನಿಜವಾಗಿಯೂ ಮತ್ತೆ ಬರಲಿಲ್ಲ. ಆದರೆ ಇದ್ದಷ್ಟು ದಿನ ಅಂಡಮಾನ್ ಅಂದರೆ ಅವರು ಹೇಳುತ್ತಿದ್ದದ್ದು ರಾಧಾನಗರ ಅಲ್ಲ, ಸೆಲ್ಯುಲಾರ್ ಜೈಲೂ ಅಲ್ಲ. ಹ್ಯಾವ್ಲಾಕಿಗೆ ಹೋಗುವ ಸರಕಾರಿ ಬೋಟಿನಲ್ಲಿ ಪಕ್ಕ ಕೂತಿದ್ದ ಒಬ್ಬ ಅಡಿಕೆ ಬೆಳೆಗಾರನ ಬಗ್ಗೆ. ಎಕ್ಸ್‌ರೇ ಕವರ್ ತೊಡೆಯ ಮೇಲಿಟ್ಟುಕೊಂಡು ಪೋರ್ಟ್ ಬ್ಲೇರಿನ ಆಸ್ಪತ್ರೆಯಿಂದ ಊರಿಗೆ ಮರಳುತ್ತಿದ್ದ. ಅಪ್ಪನ ಹರಕು ಹಿಂದಿಯಲ್ಲೇ ಇಬ್ಬರೂ ಎರಡು ಗಂಟೆ ಅಡಿಕೆ ರೇಟು, ಮಂಡಿನೋವು ಎಲ್ಲ ಮಾತಾಡಿದರು. ನಾಲ್ಕು ದಿನಕ್ಕೆ ಐದು ದ್ವೀಪ ಅಂದಾಗ ಆತ ನಕ್ಕುಬಿಟ್ಟ: "ನಾನು ಹುಟ್ಟಿದ್ದೇ ಇಲ್ಲಿ, ಐದು ದ್ವೀಪ ನಾನೇ ನೋಡಿಲ್ಲ ಭಾಯಿಸಾಬ್."

ಆ ಪ್ರವಾಸದಲ್ಲಿ ಯಾರೂ ಅಪ್ಪನನ್ನು ಎಬ್ಬಿಸದೆ ಕೂರಲು ಬಿಟ್ಟದ್ದು ಆ ಎರಡು ಗಂಟೆ ಮಾತ್ರ. ಈ ವರ್ಷದ ಪೋಸ್ಟರ್ ನಿನ್ನೆಯೇ ಬಂದಿದೆ, ಈಗ ಆರು ದ್ವೀಪವಂತೆ. ಹೋಗುವವರಿದ್ದರೆ ಪಟ್ಟಿ ತೆಗೆದು ಅದರಲ್ಲಿ ನಾಲ್ಕನ್ನು ಹೊಡೆದು ಹಾಕಿ. ಮಿಕ್ಕದ್ದರ ಬಗ್ಗೆ ನನ್ನ ಟೇಬಲ್ ಹತ್ತಿರ ಬನ್ನಿ, ಕೂತು ಮಾತಾಡೋಣ.