ಗ್ಯಾರಂಟಿ ಫೋಮಿಗೆ, ಸೋರಿಕೆ ನಮಗೆ

ಮೊನ್ನೆ ಹರಪನಹಳ್ಳಿಯಿಂದ ನನ್ನ ನೆಗೆಣ್ಣಿ ಫೋನ್ ಮಾಡಿದ್ಲು. "ಅಕ್ಕಾ, ಹೆಂಚಿನ ಒಳಮೈಗೆ ಫೋಮು ಹೊಡಸ್ತೀವಿ ಅಂತ ಹುಡುಗ್ರು ಹಟ ಹಿಡದಾರ. ನೀವು ಅಡಿಗಿಮನಿಗೆ ಹೊಡಿಸಿದ್ರೆಲ್ಲ, ಹೆಂಗೈತಿ?" ಅಂದ್ಲು. ಹಡಗಲಿ ತಂಗಿನೂ ಹೋದ ವಾರ ಇದನ್ನ ಕೇಳಿದ್ಲು. ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಹೇಳೋದ್ಯಾಕ ಅಂತ ಇಲ್ಲೇ ಬರದು ಹಾಕ್ತೀನಿ, ಎಲ್ಲರೂ ಓದ್ರಿ.

ಹೊಡಿಸಬ್ಯಾಡ್ರಿ. ನಾನು ಹೊಡಿಸಿ ಹೇಳ್ತಿದೀನಿ.

ಕೊಟ್ಟೂರಿನ ನಮ್ಮ ಮನಿ ಮುಂದಿನ ಭಾಗ ಮಾಳಿಗಿ, ಹಿಂದಿನ ಅಡಿಗಿಮನಿಗೆ ತಗಡು. ಏಪ್ರಿಲ್ ಮೇದಾಗ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟತೈತಿ. ಮ್ಯಾಲೆ ಕಾದ ತಗಡು, ಕೆಳಗ ಕಾದ ಹಂಚು, ನಡುವ ರೊಟ್ಟಿ ಬಡಿಯಾಕಿ ನಾನು. "ನಮ್ಮ ಅವ್ವ, ಅಜ್ಜಿ ಬೇಯಲಿಲ್ಲೇನು, ನೀವೂ ಬೇಯ್ರಿ" ಅನ್ನಾಕಿ ನಾನಲ್ಲ. ಸೆಕಿ ನಿಜ. ಅದಕ್ಕ ಪರಿಹಾರ ಬೇಕು ಅನ್ನೋದೂ ನಿಜ. ಅದಕ್ಕಽ ಚೀಟಿ ಎತ್ತಿದ ದುಡ್ಡು ಕೊಟ್ಟು ಎರಡು ವರ್ಷದ ಹಿಂದ ಹೊಡಿಸಿದ್ವಿ.

ಫೋಮು ಅಂದ್ರ ಏನು ಅಂತ ಗೊತ್ತಿರದವರಿಗೆ ಹೇಳ್ತೀನಿ. ಎರಡು ಡಬ್ಬಿಯ ಎರಡು ದ್ರವ ಪಿಚಕಾರಿಯಂಥ ಗನ್ನಿನ ಬಾಯಾಗ ಕೂಡತಾವು. ತಗಡಿಗೆ ಬಡಿದ ಕೂಡ್ಲೆ ಉಬ್ಬಿ, ನೊರಿ ಆಗಿ, ಕಣ್ಣು ಮುಚ್ಚಿ ತೆಗಿಯೋದ್ರಾಗ ಗಟ್ಟಿ ಆಗತೈತಿ. ಇದರ ಹೆಸರು ಪಾಲಿಯುರಿಥೇನ್. ಫ್ರಿಜ್ಜಿನ ಗೋಡಿಯೊಳಗ ತುಂಬಿರತಾರಲ್ಲ, ಅದರದಽ ಜಾತಿ. ಶಾಖ ತಡಿಯೋದ್ರಾಗ ಎರಡು ಮಾತಿಲ್ಲ. ಆ ಬ್ಯಾಸಗಿ ನಮ್ಮ ಅಡಿಗಿಮನಿ ಖರೇನ ತಂಪಿತ್ತು, ಸುಳ್ಳು ಯಾಕ ಹೇಳ್ಲಿ. ನಾನಽ ನಾಕು ಮಂದಿಗೆ ಕರಕೊಂಡು ಬಂದು ತೋರಿಸಿದ್ದೆ.

ಹೊಡಿಯೋ ಮುಂದ ಆ ಮನುಷ್ಯ ಒಂದು ಮಾತು ಹೇಳಿದ್ದ: "ಸೂರಿನ ಸಂದು, ಗವಾಕ್ಷಿ ಎಲ್ಲಾ ಮುಚ್ಚಬೇಕಮ್ಮಾ, ಗಾಳಿ ಆಡಿದ್ರ ಫೋಮಿನ ಉಪಯೋಗ ಇಲ್ಲ." ಅತ್ತಿಯವರ ಕಾಲದ ಗವಾಕ್ಷಿ ಮುಚ್ಚಿಸಿದ್ವಿ. ಅನ್ನ ಬಸಿದ ಉಗಿ, ಒಗ್ಗರಣಿ ಘಾಟು, ಎಲ್ಲಾ ಒಳಗಽ ಸುತ್ತತಿತ್ತು. ಫ್ಯಾನ್ ಕೂರಿಸ್ಕೊಳ್ರಿ ಅಂದ. ಕರೆಂಟು ಹೋದಾಗ ಏನು ಮಾಡಬೇಕು ಅಂತ ಹೇಳಲಿಲ್ಲ.

ಮೊದಲನೇ ಮಳಿಗಾಲ ದಾಟಿತು. ಎರಡನೇದ್ರಾಗ ಜ್ವಾಳದ ಚೀಲ ಇಟ್ಟ ಗ್ವಾಡಿ ಹಸಿ ಆತು. ಮ್ಯಾಲೆ ನೋಡಿದ್ರ ಫೋಮು ಒಣಗಿ ಬೆಣ್ಣಿ ಬಣ್ಣದಾಗ ಚೆಂದ ಕುಂತೈತಿ. ಎಲ್ಲಿ ಸೋರತೈತಿ? ತಿಳಿವಲ್ದು. ಮೊದಲಾದ್ರ ನನಗ ಯಾರೂ ಹೇಳಬೇಕಿರಲಿಲ್ಲ. ಬೆಳಿಗ್ಗಿ ಒಲಿ ಮುಂದ ಕುಂತು ತಲಿ ಎತ್ತಿದ್ರ ತಗಡಿನಾಗ ಸೂಜಿಯಷ್ಟು ಬೆಳಕು ಕಾಣತಿತ್ತು. ಹುಡುಗನ್ನ ಹತ್ತಿಸಿ ಅಲ್ಲಿ ಡಾಂಬರು ಹಚ್ಚಿಸಿದ್ರ ಮುಗೀತು. ಮಳಿ ಬರೋ ಮುಂದ ಬೋಗಾಣಿ ಎಲ್ಲಿ ಇಡಬೇಕು ಅನ್ನೋದು ಕತ್ತಲದಾಗೂ ಗೊತ್ತಿತ್ತು. ಈಗ ಆ ಸೂಜಿ ಬೆಳಕಿನ ಮ್ಯಾಲೆ ಎರಡು ಬೆರಳು ದಪ್ಪದ ಫೋಮು.

ಕಡೀಗೆ ಕುಡುಗೋಲು ತಗೊಂಡು ಕೊಯ್ದು ನೋಡಿದ್ವಿ. ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಬಿರಿದಿತ್ತು. ತಗಡು ಹಗಲು ಹಿಗ್ಗತೈತಿ, ರಾತ್ರಿ ಕುಗ್ಗತೈತಿ, ವಾಷರ್ ಯಾರ ಮನ್ಯಾಗಾದ್ರೂ ಒಂದಿನ ಬಿರಿಯೋದಽ. ನೀರು ಅಲ್ಲಿ ಒಳಗಿಳಿದು, ತಗಡು ಮತ್ತು ಫೋಮಿನ ನಡುವ ಹರದು, ಆರಡಿ ದೂರ ಹೋಗಿ ಗ್ವಾಡಿಗೆ ಇಳಿದೈತಿ. ಹೊರಗ ಬರಾಕ ದಾರಿ ಇಲ್ಲದ ನೀರು ತಗಡನ್ನ ಒಳಗಿಂದಽ ತುಕ್ಕು ಹಿಡಿಸಿತ್ತು. ತಗಡು ಹೊತ್ತ ಕಟಿಗಿಗೆ ಬೆರಳು ಒತ್ತಿದ್ರ ಒಳಗ ಹೋತು. ಫೋಮು ಕಿತ್ತರ ತಗಡಿನ ಸಂಗಾಟಽ ಬರ್ತೈತಿ. ಹಂಗಾಗಿ ಎಲ್ಲಾ ಹೊಸಾದು ಹಾಕಿಸಬೇಕಾತು.

ಹೊಡದು ಹೋದವನಿಗೆ ಫೋನ್ ಮಾಡಿದ್ರ ಅವನ ಉತ್ತರ ಕೇಳ್ರಿ: "ಗ್ಯಾರಂಟಿ ಫೋಮಿಗಮ್ಮಾ. ಫೋಮಿಗೆ ಏನರ ಆಗೇತೇನು?" ಇಲ್ಲಪ್ಪಾ, ಫೋಮಿಗೆ ಏನೂ ಆಗಿಲ್ಲ. ಅದೊಂದಽ ಗಟ್ಟಿಮುಟ್ಟಾಗೈತಿ.

"ಗಾಳಿ ಆಡದ ಫೋಮಿನಿಂದ ಮ್ಯಾಲಿನ ಹೊದಿಕಿ ಸುಟ್ಟು ಹೋಗತೈತಂತ ಹೌದೇನು?" ಅಂತ ಕೆಲವರು ಕೇಳ್ತಾರ. ಇದು ಅಮೆರಿಕದಾಗ ಎದ್ದ ಜಗಳ. ಅಲ್ಲಿ ಮನಿ ಮ್ಯಾಲೆ ಹೆಂಚಿನ ಬದ್ಲಿ ಡಾಂಬರಿನ ಬಿಲ್ಲೆ ಹೊದಸ್ತಾರ, ಅದಕ್ಕ ಶಿಂಗಲ್ ಅಂತಾರ. ಅಳೆದು ನೋಡಿದವರು ಹೇಳೋದು ಇಷ್ಟು: ಒಳಗ ಫೋಮು ಇದ್ರ ಶಿಂಗಲ್ ಕೆಲವೇ ಡಿಗ್ರಿ ಹೆಚ್ಚು ಕಾಯತೈತಿ, ಅದಕ್ಕಿಂತ ಬಣ್ಣದ ಪ್ರಭಾವ ದೊಡ್ಡದು, ಕಪ್ಪು ಬಾಳ ಕಾಯತೈತಿ, ಬಿಳಿ ಕಡಿಮಿ. ಹಂಗಾಗಿ ಸುಡೋ ಭಯಕ್ಕ ನಾನು ಬ್ಯಾಡ ಅನ್ನವಲ್ಲೆ. ಕಾಣದ ನೀರಿಗೆ ಬ್ಯಾಡ ಅಂತೀನಿ. ಇಂಗ್ಲೆಂಡಿನಾಗಂತೂ ಹೆಂಚು, ಕಲ್ಲುಬಿಲ್ಲೆ ಮಾಡಿಗೆ ಒಳಗಿಂದ ಫೋಮು ಹೊಡಿಸಿದ ಮನಿಗೆ ಎಷ್ಟೋ ಬ್ಯಾಂಕು ಸಾಲಽ ಕೊಡಂಗಿಲ್ಲ, ಒಳಗಿನ ಕಟಿಗಿ ಹೆಂಗೈತಿ ಅಂತ ನೋಡಾಕ ಬರಂಗಿಲ್ಲ ಅಂತ. ಬ್ಯಾಂಕಿನವ ನಂಬಲಾರದ್ದನ್ನ ನಾವು ಚೀಟಿ ದುಡ್ಡು ಕೊಟ್ಟು ನಂಬಬೇಕೇನು?

ನೆಗೆಣ್ಣಿ, ನಿನ್ನ ಮನಿ ಹೆಂಚಿಂದು. ಅದಕ್ಕ ಇನ್ನೂ ಬ್ಯಾಡ. 1865ರಾಗ ಬಾಸೆಲ್ ಮಿಶನ್ನಿನವರು ಮಂಗಳೂರಾಗ ಹೆಂಚಿನ ಕಾರ್ಖಾನಿ ಶುರು ಮಾಡಿದಾಗಿಂದ ಆ ಹೆಂಚಿನ ಗುಣ ಒಂದಽ: ಒಂದು ಒಡದ್ರ ಒಂದು ತಗದು ಒಂದು ಹಾಕಬಹುದು. ಮುಂಗಾರಿಗೆ ಮುಂಚೆ ಆಳು ಹತ್ತಿ ಹೆಂಚು ಕೈಯಾಡಿಸಿ ಇಳೀತಾನ. ಫೋಮು ಹೊಡಸಿದ್ರ ಎಲ್ಲಾ ಹೆಂಚು ಒಂದಕ್ಕೊಂದು ಅಂಟಿ ಕುಂದರತಾವು. ಕೋತಿ ಒಂದು ಒಡದ್ರೂ ಪಕ್ಕದ ನಾಕು ಕಿತ್ತು ಬರ್ತಾವು. ಮಣ್ಣಿನ ಹೆಂಚು ಮಳಿ ನೀರು ಒಂಚೂರು ಕುಡೀತೈತಿ, ಕೆಳಗಿನ ಗಾಳಿಗೆ ಒಣಗತೈತಿ. ಆ ಗಾಳಿ ನಿಂತ್ರ ರೀಪು ಯಾವಾಗ ಒಣಗಬೇಕು?

ಇನ್ನೊಂದು. ಹೊಡಿಯೋ ಮುಂದ ಅದರ ಆವಿ ಉಸಿರಿಗೆ ಕೆಟ್ಟದ್ದು. ಹೊಡಿಯಾವ್ರು ಮುಖಕ್ಕ ಕಟಗೊಂಡು ಬರ್ತಾರ, ಮನಿಯವರು ಹೊರಗ ಇರಬೇಕು, ಅದ್ರಾಗೂ ದಮ್ಮು ಇದ್ದವರು, ಕೂಸುಗಳು. ಬೆಂಕಿ ತಗಲಿದ್ರ ಫೋಮು ಉರೀತೈತಿ, ದಟ್ಟ ವಿಷದ ಹೊಗಿ ಬಿಡತೈತಿ. ಅಮೆರಿಕದಾಗ ಮಂದಿ ಇರೋ ಕ್ವಾಣಿಯೊಳಗ ಇದನ್ನ ಬರೇ ಬಿಡಂಗಿಲ್ಲ, ಜಿಪ್ಸಂ ಹಲಗಿಯಂಥಾದ್ದು ಮುಚ್ಚಬೇಕು ಅಂತ ಕಾನೂನು. ನಮ್ಮ ಒಲಿ ಮ್ಯಾಲೆ ಬರೇದು ಬಿಟ್ಟು ಹೋಗಿದ್ರು. ನನಗ ಆಗ ಗೊತ್ತಿರಲಿಲ್ಲ. ಅವರಿಗೆ ಗೊತ್ತಿರಬೇಕಿತ್ತು.

ಮಾಳಿಗಿ ಮನಿಯವರಂತೂ ಇದರ ಸನೇಕ ಹೋಗಬ್ಯಾಡ್ರಿ. ತೊಲಿ, ಜಂತಿ, ಅದರ ಮ್ಯಾಲೆ ಕಟಿಗಿ, ಸೊಪ್ಪು, ಮಣ್ಣು, ಕಡೀಗೆ ಚೌಳು ಮಣ್ಣು. ಶಾಖ ತಡಿಯೋದು ಆ ಮಣ್ಣಿನ ದಪ್ಪ, ಸೆಕಿ ಹೊರಗ ಹಾಕೋದು ಗವಾಕ್ಷಿ. ಮಾಳಿಗಿನೂ ಸೋರತೈತಿ, ವರ್ಷಾ ವರ್ಷಾ ಮಣ್ಣು ಬೇಡತೈತಿ, ಈಗ ಆ ಕೆಲಸಕ್ಕ ಆಳು ಸಿಗವಲ್ರು. ಅದನ್ನೂ ಹೇಳಬೇಕು. ಆದ್ರ ಅದು ಸೋರಿದ್ರ ಸೋರೇನಿ ಅಂತ ಹೇಳತೈತಿ.

ಹಂಗಾದ್ರ ಸೆಕಿಗೆ ಏನು ಮಾಡಬೇಕು? ನಾನು ಈ ಸಲ ತಗಡಿನ ಮ್ಯಾಲೆ ಬಿಸಿಲು ಹೊಡಸೋ ಬಿಳಿ ಬಣ್ಣ ಬಳಿಸಿದೀನಿ. ತೆಲಂಗಾಣ ಸರ್ಕಾರ 2023ರಾಗ ತಂಪು ಚಾವಣಿಗೆ ಅಂತಽ ಒಂದು ನೀತಿ ತಂದೈತಿ, ಅದರಾಗ ಇಂಥಾ ಬಿಳಿ ಬಣ್ಣನೂ ಐತಿ. ಬಣ್ಣದ ಮ್ಯಾಲೆ ಧೂಳು ಕುಂತ್ರ ಗುಣ ಕಮ್ಮಿ ಆಗತೈತಿ, ವರ್ಷಕ್ಕೊಮ್ಮೆ ತೊಳಿಬೇಕು. ತಗಡಿನ ಕೆಳಗ ಒಂದು ಮೊಳ ಬಿಟ್ಟು ಬಿದಿರಿನ ತಟ್ಟಿ ಕಟ್ಟಿಸಿದೀನಿ, ಒಲಿ ಮ್ಯಾಗಳಷ್ಟು ಬಿಟ್ಟು. ಎರಡೂ ಕಡಿ ಸಂದು ತೆರದೈತಿ, ಬಿಸಿಗಾಳಿ ಹೋಗತೈತಿ, ತಟ್ಟಿ ಬಿಚ್ಚಿದ್ರ ತಗಡು ಕಾಣತೈತಿ. ಫೋಮಿನಷ್ಟು ತಂಪಿಲ್ಲ. ಮೊದಲಿಗಿಂತ ಬಾಳ ಪಾಡು. ಗವಾಕ್ಷಿ ಮತ್ತ ತಗಸೀನಿ.

ಇದನ್ನೆಲ್ಲಾ ನೆಗೆಣ್ಣಿ ಮನಿ ಗಂಡಸ್ರಿಗೆ ಹೇಳಿದ್ರ "ನಿಮಗೇನು ತಿಳಿತೈತಿ" ಅಂತಾರ, ಬಲ್ಲೆ. ನಮ್ಮನ್ಯಾಗೂ ರೇಟು ಮಾತಾಡಿದವರು ಗಂಡಸ್ರು, ಗ್ವಾಡಿ ಹಸಿ ಆಗಿದ್ದನ್ನ ಕಂಡಾಕಿ ನಾನು. ಮುಂಗಡ ಕೊಡಬ್ಯಾಡ ಅಂತ ಮೈದುನಗ ಹೇಳು. ಅಮಾಸಿ ಮರುದಿನದ ಬಸ್ಸಿಗೆ ಬರ್ತೀನಿ. ತುಕ್ಕು ಹತ್ತಿದ ತಗಡಿನ ತುಂಡು ಫೋಮಿನ ಸಮೇತ ಎತ್ತಿಟ್ಟೀನಿ, ಚೀಲದಾಗ ಹಾಕ್ಕೊಂಡು ಬರ್ತೀನಿ.