ದೀರ್ಘ ಓಟ ಮತ್ತು ದಿನದ ಅಳತೆ

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಿನ ದಾರಿ ಸುಮಾರು 20 ಕಿಲೋಮೀಟರ್. ಓಡುತ್ತ ಹೋಗಿ ಓಡುತ್ತಲೇ ಮರಳಿ, ಮತ್ತೆ ಸ್ವಲ್ಪ ದೂರ ಕೂಡಿಸಿದರೆ ಅದೇ ಮ್ಯಾರಥಾನ್. ಅದರ ನಿಶ್ಚಿತ ದೂರ 42.195 ಕಿಲೋಮೀಟರ್. ಉಣಕಲ್ ಕೆರೆಯ ದಂಡೆಯಲ್ಲಿಯೂ ವಿಶ್ವವಿದ್ಯಾಲಯದ ಆವರಣದಲ್ಲಿಯೂ ನಸುಕಿನಲ್ಲಿ ಓಡುವ ತರುಣ ತರುಣಿಯರಲ್ಲಿ ಕೆಲವರು, ಮೊದಲ ಮ್ಯಾರಥಾನನ್ನು ಮುಗಿಸಿದರೆ ಸಾಲದು, ಗೊತ್ತುಪಡಿಸಿದ ಅವಧಿಯೊಳಗೆ ಮುಗಿಸಬೇಕೆಂದು ಸಂಕಲ್ಪಿಸುತ್ತಾರೆ. ಅಮೆರಿಕದ ಬಾಸ್ಟನ್ ನಗರದಲ್ಲಿ 1897ರಿಂದ ನಡೆಯುತ್ತ ಬಂದ ಓಟಕ್ಕೆ ಇಂಥ ಅರ್ಹತಾ ಅವಧಿಯುಂಟು. 2026ರ ಓಟಕ್ಕೆ 35 ವರ್ಷದೊಳಗಿನ ಪುರುಷರಿಗೆ 2 ಗಂಟೆ 55 ನಿಮಿಷ, ಸ್ತ್ರೀಯರಿಗೆ 3 ಗಂಟೆ 25 ನಿಮಿಷ ಎಂದು ಗೊತ್ತುಪಡಿಸಲಾಗಿತ್ತು. ಅದನ್ನು ಸಾಧಿಸಿದವರಿಗೂ ದೊರೆಯುವುದು ಅರ್ಜಿ ಸಲ್ಲಿಸುವ ಅಧಿಕಾರವಷ್ಟೆ.

ಹೊಟ್ಟೆಗೆ ಹಿಟ್ಟು ತಾರದ ಈ ಓಟವೇಕೆಂದು ಹಿರಿಯರು ಕೇಳುವುದುಂಟು. ಇದು ನಮ್ಮ ನಾಡಿಗೆ ಹೊರಗಿನದಲ್ಲ ಎಂಬುದನ್ನು ಅವರಿಗೆ ನೆನಪಿಸಬಯಸುತ್ತೇವೆ. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ರೈತಾಪಿ ಓಟಗಾರರು ಬರಿಗಾಲಲ್ಲಿ ಓಡಿದ್ದನ್ನು ಕಂಡ ದೋರಾಬ್ಜಿ ಟಾಟಾ ಅವರು 1920ರ ಆಂಟ್ವರ್ಪ್ ಒಲಿಂಪಿಕ್ಸಿಗೆ ಭಾರತದಿಂದ ತಂಡವೊಂದನ್ನು ಕಳುಹಿಸಲು ಮುಂದಾದರು. ನೂರು ಮೀಟರ್ ಓಟಕ್ಕೆ ಎಷ್ಟು ಹೊತ್ತು ಬೇಕೆಂಬ ಪ್ರಶ್ನೆಗೆ, ಒಂದೆರಡು ನಿಮಿಷವಾದೀತೆಂದು ಸಂಘಟಕರಲ್ಲೊಬ್ಬರು ಉತ್ತರಿಸಿದರೆಂಬ ಮಾತು ಪ್ರಚಲಿತವಿದೆ. ಅಳತೆಯ ಅರಿವೇ ಇಲ್ಲದ ಆ ಕಾಲದಲ್ಲಿ ನಮ್ಮ ನೆರೆಯ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ಆಂಟ್ವರ್ಪಿನ ಮ್ಯಾರಥಾನನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ 19ನೆಯವರಾದರು. ಅಂದಿನ ದೂರ 42.75 ಕಿಲೋಮೀಟರ್, ಇಂದಿನದಕ್ಕಿಂತ ಹೆಚ್ಚು. ಕಿಲೋಮೀಟರಿಗೆ ಹತ್ತಿರ ಹತ್ತಿರ 4 ನಿಮಿಷ! ಬಾಸ್ಟನ್ನಿನ ಇಂದಿನ ಅವಧಿಯೊಳಗೆ ಸಲ್ಲುವ ಓಟವದು.

ಆದರೆ ಗುರಿ ದೊಡ್ಡದಾದಷ್ಟೂ ಆಸೆಯ ಅಪಾಯವೂ ದೊಡ್ಡದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಯನ್ನು ಮೀರಿ ಅಕ್ಕಿಯನ್ನು ಆಯ್ದು ತಂದಾಗ, ಶರಣೆ ಲಕ್ಕಮ್ಮನವರು ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಹೇಳಿದ ಪ್ರಸಂಗವನ್ನು ಬಲ್ಲಿರಿ. ದುಡಿಮೆ ತಪ್ಪಾಗಿರಲಿಲ್ಲ, ಅಳತೆ ಮೀರಿತ್ತು. ಓಟದ ಅಭ್ಯಾಸಕ್ಕೂ ಈ ನೀತಿ ಅನ್ವಯಿಸುತ್ತದೆ. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಪಳಗುತ್ತವೆ. ಎಲುಬು, ಸ್ನಾಯುರಜ್ಜುಗಳು ಗಟ್ಟಿಗೊಳ್ಳಲು ತಿಂಗಳುಗಳೇ ಬೇಕು. ಉಸಿರು ಸಾಗಿತೆಂದು ಕಾಲನ್ನು ದುಡಿಸಿದವನ ಎಲುಬು ಸೀಳುವುದು ಈ ಅಂತರದಿಂದಲೇ.

ಆದುದರಿಂದ ವಾರದ ಓಟದ ಬಹುಭಾಗ ಮಾತನಾಡುತ್ತ ಓಡಬಹುದಾದಷ್ಟು ನಿಧಾನವಾಗಿರಲಿ. ವೇಗದ ಅಭ್ಯಾಸ ವಾರಕ್ಕೆ ಒಂದೆರಡು ದಿನ ಸಾಕು. ವಾರಕ್ಕೊಮ್ಮೆಯ ದೀರ್ಘ ಓಟ ಕ್ರಮವಾಗಿ 30 ಕಿಲೋಮೀಟರಿನವರೆಗೆ ಬೆಳೆಯಲಿ. ಮೂರು ವಾರ ಏರಿಸಿ ನಾಲ್ಕನೆಯ ವಾರ ಇಳಿಸುವುದು, ಓಟದ ಮುಂಚಿನ ಎರಡು ಮೂರು ವಾರ ದೂರವನ್ನು ಕಡಿಮೆ ಮಾಡುವುದು ಸೋಮಾರಿತನವಲ್ಲ. ದೇಹವು ಕೂಡಿಟ್ಟ ಶರ್ಕರ ಸುಮಾರು 30 ಕಿಲೋಮೀಟರಿಗೆ ತೀರಿಬರುವುದರಿಂದ, ಓಡುವಾಗಲೂ ಆಹಾರ ಸ್ವೀಕರಿಸುವುದನ್ನು ರೂಢಿಸಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳುಗಳ ಬಿಸಿಲಿಗೆ ಮುನ್ನ ಮನೆ ಸೇರಬೇಕು. ಎದೆನೋವು, ತಲೆಸುತ್ತು ಕಂಡರೆ ಅಂದಿನ ಗುರಿಯನ್ನು ಅಲ್ಲಿಯೇ ಬಿಟ್ಟು ವೈದ್ಯರನ್ನು ಕಾಣಬೇಕು.

ಹೆಣ್ಣುಮಕ್ಕಳಿಗೆ ಈ ಓಟ ಒಗ್ಗದೆಂದು ಜಗತ್ತೇ ಬಹುಕಾಲ ನಂಬಿತ್ತು. ಬಾಸ್ಟನ್ ಅವರಿಗೆ ಅಧಿಕೃತವಾಗಿ ಬಾಗಿಲು ತೆರೆದದ್ದು 1972ರಲ್ಲಿ; ಒಲಿಂಪಿಕ್ಸಿನಲ್ಲಿ ಸ್ತ್ರೀಯರ ಮ್ಯಾರಥಾನ್ ಬಂದದ್ದು 1984ರಲ್ಲಿ. ಹನ್ನೆರಡನೆಯ ಶತಮಾನದಲ್ಲಿಯೇ ಶರಣೆಯರನ್ನು ಸಮಾನರಾಗಿ ಕಂಡ ಪರಂಪರೆಯವರು, ಮಗನಿಗೆ ಬೂಟು ಕೊಡಿಸಿ ಮಗಳಿಗೆ ಬಾಗಿಲು ಹಾಕುವುದು ಶೋಭಿಸದು. ನಸುಕಿನಲ್ಲಿ ಅವಳ ಜೊತೆಗೆ ತಂದೆಯೋ ಅಣ್ಣನೋ ಸೈಕಲ್ಲಿನ ಮೇಲೆ ಹೋಗಲಿ; ಅದೂ ಒಂದು ದಾಸೋಹ.

ಇನ್ನು ಓಡುವವರಿಗೆ ಒಂದು ಮಾತು. ಗಡಿಯಾರದ ಮೇಲೆ ಗುರಿಯಿರಲಿ, ಆದರೆ ಗಡಿಯಾರವೇ ಒಡೆಯನಾಗದಿರಲಿ. ಓಟದ ದಿನ ಗಾಳಿ, ಬಿಸಿಲು ನಿಮ್ಮ ವಶದಲ್ಲಿರುವುದಿಲ್ಲ. ಅಂದಂದಿನ ಅಳತೆಯನ್ನು ತಪ್ಪದೆ, ಮೀರದೆ ಸಲ್ಲಿಸುವುದು ಮಾತ್ರ ನಿಮ್ಮ ವಶದಲ್ಲಿದೆ. ಹಾಗೆ ಸಲ್ಲಿಸಿದವನಿಗೆ ಐದು ನಿಮಿಷ ತಡವಾದರೂ ನಷ್ಟವಿಲ್ಲ. ಮತ್ತೊಂದು ವರ್ಷ ಓಡಲು ಕಾಲುಗಳು ಉಳಿದಿರುತ್ತವೆ.