ಮುಖ, ಉಡುಪು, ಮಾಯೆ

ಬ್ಯಾಂಕಿನಲ್ಲಿದ್ದಷ್ಟು ಕಾಲವೂ ನನ್ನ ಮೇಜಿಗೆ ಬರುತ್ತಿದ್ದ ಫೋಟೊಗಳಿಗೆ ಒಂದೇ ಕೆಲಸ. ಅರ್ಜಿಗೆ ಅಂಟಿಸಿದ ಮುಖವೂ ಎದುರಿಗೆ ನಿಂತ ಮುಖವೂ ತಾಳೆಯಾದರೆ ಸಾಕು. ಚೆಂದವಾಗಿದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ಆದರೆ ಪತ್ರಿಕೆ, ಅಂಗಡಿಯ ಬೋರ್ಡು, ಮೊಬೈಲುಗಳಲ್ಲಿ ಕಾಣುವ ಮನುಷ್ಯರ ಫೋಟೊಗಳ ಕೆಲಸವೇ ಬೇರೆ. ಅವುಗಳಲ್ಲಿ ಮುಖ್ಯವಾಗಿ ಮೂರು ಬಗೆ: ಪೋರ್ಟ್ರೇಟ್, ಫ್ಯಾಷನ್, ಗ್ಲಾಮರ್. ಮಕ್ಕಳೇ, ಇವುಗಳ ವ್ಯತ್ಯಾಸ ಗೊತ್ತಾದರೆ ಕನ್ನಡಿಯ ಮುಂದೆ ನಿಂತು ಸಪ್ಪೆ ಮೋರೆ ಹಾಕುವುದು ಅರ್ಧ ತಪ್ಪುತ್ತದೆ.

ಪೋರ್ಟ್ರೇಟ್ ಎಂದರೆ ವ್ಯಕ್ತಿಚಿತ್ರ. ಅಲ್ಲಿ ಮನುಷ್ಯನೇ ಯಜಮಾನ. ಅವನ ಸ್ವಭಾವ ಮುಖದಲ್ಲಿ ಕಾಣಬೇಕು. 1941ರ ಡಿಸೆಂಬರ್ 30ರಂದು ಬ್ರಿಟನ್ನಿನ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಕೆನಡಾದ ಸಂಸತ್ತಿನಲ್ಲಿ ಭಾಷಣ ಮುಗಿಸಿ ಹೊರಬಂದರು. ಯೂಸುಫ್ ಕಾರ್ಷ್ ಎಂಬ ಫೋಟೊಗ್ರಾಫರ್ ಕ್ಯಾಮೆರಾ ಹೂಡಿ ಕಾಯುತ್ತಿದ್ದರು. ಚರ್ಚಿಲ್ ಬಾಯಿಂದ ಸಿಗಾರ್ ತೆಗೆಯಲು ಒಪ್ಪಲಿಲ್ಲ. ಕಾರ್ಷ್ ಹತ್ತಿರ ಹೋಗಿ, ಕ್ಷಮೆ ಕೇಳಿ, ಅದನ್ನು ತಾವೇ ಕಿತ್ತುಕೊಂಡರು! ಚರ್ಚಿಲ್ ಕೆಂಡವಾದರು. ಕಾರ್ಷ್ ಅದೇ ಕ್ಷಣ ಫೋಟೊ ತೆಗೆದರು. ಆ ಗಂಟುಮೋರೆಯಲ್ಲಿ ಜನ ಯುದ್ಧಕಾಲದ ಛಲವನ್ನು ಕಂಡರು. 2016ರಲ್ಲಿ ಬಂದ ಇಂಗ್ಲೆಂಡಿನ 5 ಪೌಂಡ್ ನೋಟಿನ ಮೇಲಿರುವುದೂ ಅದೇ ಮುಖ.

ಫ್ಯಾಷನ್ ಫೋಟೊದಲ್ಲಿ ಉಡುಪೇ ಯಜಮಾನ, ತೊಟ್ಟವರು ಅದರ ಅತಿಥಿಗಳು. 1955ರಲ್ಲಿ ರಿಚರ್ಡ್ ಅವೆಡನ್ ಪ್ಯಾರಿಸ್ಸಿನ ಸರ್ಕಸ್ ಕಟ್ಟಡವೊಂದರಲ್ಲಿ ಡೊವಿಮಾ ಎಂಬ ರೂಪದರ್ಶಿಯನ್ನು ಆನೆಗಳ ನಡುವೆ ನಿಲ್ಲಿಸಿದರು. ಡಿಯೋರ್ ಸಂಸ್ಥೆಯ ಕಪ್ಪು ನಿಲುವಂಗಿ, ಅದಕ್ಕೆ ಬಿಳಿಯ ಉದ್ದ ನಡುಪಟ್ಟಿ. ಆನೆಗಳೇಕೆ? ಸುಕ್ಕುಗಟ್ಟಿದ ಒರಟು ಚರ್ಮದ ಪಕ್ಕದಲ್ಲಿ ಬಟ್ಟೆಯ ನಯ ಇನ್ನಷ್ಟು ಎದ್ದು ಕಾಣುತ್ತದೆ. ಆಕೆಯ ಸ್ವಭಾವ ಎಂಥದೆಂದು ಆ ಚಿತ್ರ ಹೇಳುವುದಿಲ್ಲ, ಅದು ಅದರ ಕೆಲಸವೂ ಅಲ್ಲ.

ಇನ್ನು ಗ್ಲಾಮರ್. ಈ ಪದದ ಹುಟ್ಟು ಕೇಳಿದರೆ ನಗು ಬರುತ್ತದೆ. ನಿಮ್ಮನ್ನು ಶಾಲೆಯಲ್ಲಿ ಕಾಡುವ 'ಗ್ರಾಮರ್' ಪದವೇ ಸ್ಕಾಟ್ಲೆಂಡಿನವರ ಬಾಯಲ್ಲಿ 'ಗ್ಲಾಮರ್' ಆಯಿತು! ಹಿಂದೆ ಓದುಬರಹ ಬಲ್ಲವರಿಗೆ ಮಂತ್ರವಿದ್ಯೆಯೂ ಗೊತ್ತೆಂದು ಜನ ನಂಬುತ್ತಿದ್ದರು. ಹಾಗಾಗಿ ಗ್ಲಾಮರ್ ಎಂದರೆ ಮೊದಲಿಗೆ ಕಣ್ಕಟ್ಟು, ಮಾಯೆ. 1930ರಲ್ಲಿ ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೊ ಸೇರಿದ ಜಾರ್ಜ್ ಹರೆಲ್ ಈ ಮಾಯೆಯ ನಿಪುಣ. ದೀಪವನ್ನು ಎತ್ತರದಲ್ಲಿಟ್ಟು ಕೆನ್ನೆಯ ಕೆಳಗೆ ನೆರಳು ಬೀಳಿಸುವುದು, ಕೂದಲ ಅಂಚಿಗೆ ಬೆಳಕು ಹಚ್ಚುವುದು, ಆಮೇಲೆ ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ಚರ್ಮದ ಕಲೆ, ಗೆರೆಗಳನ್ನು ಅಳಿಸುವುದು. ನಟಿ ಜೋನ್ ಕ್ರಾಫರ್ಡ್ ಅವರ ಮುಖದ ತುಂಬ ಇದ್ದ ಕಂದು ಚುಕ್ಕೆಗಳು ಚಿತ್ರದಲ್ಲಿ ಮಾಯವಾಗಿದ್ದು ಹೀಗೆಯೇ. ನೋಡುವವರನ್ನು ಮರುಳು ಮಾಡುವುದೇ ಇಲ್ಲಿ ಯಜಮಾನ.

ನಮ್ಮ ಮದುವೆ ಆಲ್ಬಂ ತೆಗೆದರೆ ಮೂರೂ ಸಿಗುತ್ತವೆ. ಅಮ್ಮನನ್ನು ನೋಡಿ ಮದುಮಗಳ ಕಣ್ಣು ತುಂಬಿದ್ದು ಪೋರ್ಟ್ರೇಟ್. ಸೀರೆಯ ಸೆರಗು ಪೂರ್ತಿ ಹರಡಿ ನಿಲ್ಲಿಸಿದ್ದು ಫ್ಯಾಷನ್. ಹೊಗೆ ಬಿಟ್ಟು, ಹಿಂದಿನಿಂದ ದೀಪ ಹಾಕಿದ್ದು ಗ್ಲಾಮರ್. ಮೂರೂ ಬೇಕು, ಮೂರೂ ಕಲೆಯೇ.

ತೊಂದರೆ ಬರುವುದು ಒಂದನ್ನು ಇನ್ನೊಂದೆಂದು ನಂಬಿದಾಗ. ಅಂದು ಕುಶಲಕರ್ಮಿಗಳು ಗಂಟೆಗಟ್ಟಲೆ ಕೂತು ಮಾಡುತ್ತಿದ್ದ ಕೆಲಸವನ್ನು ಇಂದು ಮೊಬೈಲಿನ ಫಿಲ್ಟರ್ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುತ್ತದೆ. ತಿದ್ದಿದ ಮುಖಗಳನ್ನೇ ದಿನವಿಡೀ ನೋಡಿದ ಹನ್ನೆರಡರ ಹುಡುಗಿಗೆ ತನ್ನ ಮೊಡವೆ ದೊಡ್ಡ ಅವಮಾನವಾಗಿ ಕಾಣುತ್ತದೆ. ಫ್ರಾನ್ಸ್ ದೇಶದಲ್ಲಿ 2017ರ ಅಕ್ಟೋಬರ್‌ನಿಂದ ಒಂದು ನಿಯಮವಿದೆ. ಜಾಹೀರಾತಿನಲ್ಲಿ ರೂಪದರ್ಶಿಯ ಮೈಕಟ್ಟನ್ನು ತೆಳ್ಳಗೋ ದಪ್ಪಗೋ ತಿದ್ದಿದ್ದರೆ, 'ತಿದ್ದಿದ ಫೋಟೊ' ಎಂದು ಅದರ ಮೇಲೆಯೇ ಬರೆಯಬೇಕು. ನಮ್ಮ ಕೈಯ ಮೊಬೈಲಿನಲ್ಲಿ ಅಂಥ ಚೀಟಿ ಅಂಟಿರುವುದಿಲ್ಲ. ಆದ್ದರಿಂದ ಫೋಟೊ ಕಂಡಾಗಲೆಲ್ಲ ನೀವೇ ಕೇಳಿಕೊಳ್ಳಿ: ಇಲ್ಲಿ ಯಜಮಾನ ಯಾರು? ಮನುಷ್ಯನೋ, ಬಟ್ಟೆಯೋ, ಮಾಯೆಯೋ?

ಈ ಭಾನುವಾರ ಒಂದು ಕೆಲಸ ಮಾಡಿ. ಬೆಳಗಿನ ಹೊತ್ತು ಅಜ್ಜಿಯನ್ನೋ ತಾತನನ್ನೋ ಕಿಟಕಿಯ ಪಕ್ಕ ಕೂರಿಸಿ. ಬೆಳಕು ಕೆನ್ನೆಯ ಒಂದು ಬದಿಗೆ ಬೀಳಲಿ. ಫಿಲ್ಟರ್ ಬೇಡ, 'ಸ್ಮೈಲ್ ಪ್ಲೀಸ್' ಕೂಡ ಬೇಡ. ಚಿಕ್ಕಂದಿನಲ್ಲಿ ಮಾಡಿದ ದೊಡ್ಡ ತುಂಟತನ ಯಾವುದೆಂದು ಕೇಳಿ, ಅವರು ಹೇಳುತ್ತಿರುವಾಗಲೇ ಕ್ಲಿಕ್ ಮಾಡಿ. ಹಿರಿಯರೇ, ಸುಕ್ಕು ಕಾಣುತ್ತದೆಂದು ಮುಖ ತಿರುಗಿಸಬೇಡಿ. ಮೊಮ್ಮಕ್ಕಳು ಮುಂದೆ ಹುಡುಕುವುದು ಆ ಸುಕ್ಕಿನ ಮುಖವನ್ನೇ.